ಒಳಗಿನ ಹಿಡಿ

ನಮ್ಮ ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆಯಲ್ಲಿ
ಒಮ್ಮೆ ಹಮಾಲಿ ಗವಿರಂಗ ಸಿಕ್ಕಿಕೊಂಡಿದ್ದ.
ನಲವತ್ತು ನಿಮಿಷ, ಎರಡೂವರೆ ಡಿಗ್ರಿ,
ಸುತ್ತ ಜಲಂಧರದಿಂದ ಬಂದ ಬಿತ್ತನೆ ಆಲೂಗೆಡ್ಡೆ,
ಮೈಮೇಲೆ ತೂತು ಬನಿಯನ್ನು.
ಹೊರಗಿನಿಂದ ಚಿಲಕ ಹಾಕಿದವನು ನಾನೇ.
ಎಣಿಸಿದ್ದು ಚೀಲ, ಜನರನ್ನಲ್ಲ.
ಮರುದಿನವೇ ಧರಣೇಂದ್ರಯ್ಯನವರು
ಸಾಲಗಾಮೆ ರಸ್ತೆಯ ವೆಲ್ಡರನ್ನು ಕರೆಸಿ
ಆರೂ ಬಾಗಿಲಿಗೆ ಒಳಮಗ್ಗುಲಲ್ಲಿ
ಒಂದೊಂದು ಕಬ್ಬಿಣದ ಹಿಡಿ ಹಾಕಿಸಿದರು.

ಅದು ಹಳೆಯ ಮಾತು.
ಲೆಕ್ಕ ಮೋಡ ಹತ್ತಿದ್ದು ಈಚೆಗೆ.

ಟೈ ಕಟ್ಟಿಕೊಂಡು ಬಂದ ಹುಡುಗ
ನನ್ನ ಹದಿಮೂರು ಖಾತೆ ಪುಸ್ತಕ ನೋಡಿ ಸೀನಿದ.
"ಎಲ್ಲಾ ಕ್ಲೌಡಿಗೆ ಹಾಕ್ಬಿಡಿ ಸಾರ್.
ಇಲಿ ಕಡಿಯಲ್ಲ, ಬೆಂಕಿ ಹತ್ತಲ್ಲ,
ಹಿರೀಸಾವೆಯಲ್ಲಿ ಟೀ ಕುಡೀತಾ ಸ್ಟಾಕು ನೋಡ್ಬೋದು."
ಯಜಮಾನರು ಕಿಟಕಿಯಾಚೆ ಕಣ್ಣು ಹಾಯಿಸಿದರು.
ಏಪ್ರಿಲ್ ಕೊನೆ. ಬಾನಲ್ಲಿ ಒಂದು ತುಣುಕೂ ಇಲ್ಲ.
"ಹೊಲದೋರು ಕಾಯ್ತಿರೋದು ಬರ್ಲಿಲ್ಲ,
ನಿಂದು ಬಂತು ನೋಡಪ್ಪ" ಎಂದು ನಕ್ಕರು.

ಮೊದಲ ವರ್ಷ ಬಿಟ್ಟಿ.
ಸುಳ್ಳು ಹೇಳಬಾರದು, ಸುಖವಾಗಿತ್ತು.
ಯಾರ ಚೀಲ, ಯಾವ ಕೋಣೆ, ಎಷ್ಟನೇ ಸಾಲು,
ಒತ್ತಿದರೆ ಬರುತ್ತಿತ್ತು.
ಮಾರ್ಚ್ ಮೂವತ್ತೊಂದಕ್ಕೆ ನಾನು
ಸಂಜೆ ಏಳಕ್ಕೇ ಮನೆಯಲ್ಲಿದ್ದೆ;
ಜ್ವರವೇನೋ ಎಂದು ಹೆಂಡತಿ ಹಣೆ ಮುಟ್ಟಿದಳು.

ಎರಡನೇ ವರ್ಷ ಕಂತು.
ಮೂರನೇ ವರ್ಷ ಕಂತಿಗೊಂದು ಬಾಲ:
ತೂಕದ ಯಂತ್ರ ಜೋಡಿಸಲು ಬೇರೆ,
ರಸೀದಿ ಕನ್ನಡದಲ್ಲಿ ಬರಲು ಬೇರೆ.
ಆಮೇಲೆ ಒಂದೇ ಮಿಂಚಂಚೆಯಲ್ಲಿ ದುಪ್ಪಟ್ಟು.
ಬಿಡುತ್ತೇವೆ ಎಂದರೆ
"ಬಿಡಿ ಸಾರ್, ಡೇಟಾ ನಿಮ್ದೇ ಅಲ್ವಾ."

ಬಂತು, ನಮ್ಮದೇ.
ಹನ್ನೊಂದು ಸಾವಿರ ಸಾಲು ಅಂಕಿ.
ಮೊಸಳೆ ಹೊಸಳ್ಳಿಯ ಕಾಳಮ್ಮ ಅದರೊಳಗೆ
ಎಂಟಕ್ಷರದ ಒಂದು ಗುರುತು;
ಯಾವ ಗುರುತು ಯಾವ ಕಾಳಮ್ಮ ಎಂಬ ಪಟ್ಟಿ
ಅವರ ಹತ್ತಿರ.
ಬೇರೆ ಕಂಪನಿಯವನು ತೆರೆದು ನೋಡಿ,
ಊರಲ್ಲೆಲ್ಲೂ ಸಿಗದ ವಾಷರು ಕಂಡ ಪ್ಲಂಬರಿನಂತೆ,
"ಇದು ನಮ್ಮಲ್ಲಿ ಕೂರಲ್ಲ" ಎಂದ.
ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.
ಯಜಮಾನರು ಅಷ್ಟೇ ಹೇಳಿ ಕನ್ನಡಕ ಒರೆಸಿದರು,
ಅದು ಆಗಲೇ ಚೊಕ್ಕವಾಗಿತ್ತು.

ಅದೇ ವಾರ ಮೊದಲ ಮಳೆ ಬಿದ್ದು
ಕಾಳಮ್ಮ ಬಂದಳು. ಗುರುತಲ್ಲ, ಅವಳೇ.
ಹಾಲಿನ ಕವರಿನಲ್ಲಿ ಸುತ್ತಿದ ಚೀಟಿ,
ಇಪ್ಪತ್ತು ಚೀಲ, ಹೋದ ವರ್ಷದ ಬಾಡಿಗೆ ಬಾಕಿ.
ಕೈ ತಂತಾನೇ ಚೀಟಿ ಮಗುಚಿತು,
ಬೆರಳು ಹಿಂಬದಿಯ ಸಾಲಿನ ಮೇಲೆ ನಿಂತಿತು:
ಬಾಕಿ ತೀರದೆ ಮಾಲು ಬಿಡತಕ್ಕದ್ದಲ್ಲ.
ಯಜಮಾನರ ಅಪ್ಪನ ಕಾಲದಿಂದ
ಅಚ್ಚಾಗುತ್ತ ಬಂದ ಸಾಲು. ಬರೆದವರು ನಾವು.
"ಒಳಗೇ ಕೊಳೆತ್ರೆ ಯಾರಿಗಾಯ್ತಪ್ಪ,
ನಿಂಗಾ, ನಂಗಾ?" ಎಂದಳು.
ಒಳಗಿನಿಂದ ದನಿ ಬಂತು: "ಹನ್ನೆರಡು ಬಿಡು."
ಇಪ್ಪತ್ತೂ ಎನ್ನಲಿಲ್ಲ.
ವ್ಯಾಪಾರಿ, ದೇವರಲ್ಲ.

ನಿನ್ನೆ ಮತ್ತೊಬ್ಬ ಹುಡುಗ, ಮತ್ತೊಂದು ಮೋಡ,
ಮೂವತ್ತೊಂದು ಪುಟದ ಕರಾರು.
ದರ ಕೇಳಲಿಲ್ಲ ನಾನು.
ಕೇಳಬೇಕಾದ್ದನ್ನು ಮಾತಲ್ಲಿ ಕೇಳಲು ಬಾರದೆ
ಅವನನ್ನು ಮೂರನೇ ಕೋಣೆಗೆ ಕರೆದೊಯ್ದು
ಬಾಗಿಲೆಳೆದುಕೊಂಡೆ. ಒಳಗೆ ಇಬ್ಬರೂ.
ಅಮೋನಿಯಾದ ಘಾಟು, ಕತ್ತಲು,
ಕಂಪ್ರೆಸರಿನ ಗೊರಕೆ.
ಅವನ ಕೈ ತಡಕಾಡಿ ತಡಕಾಡಿ
ಕೊನೆಗೆ ಕಬ್ಬಿಣಕ್ಕೆ ತಾಗಿತು.
"ಇದು," ಎಂದೆ, "ನಿಮ್ಮ ಕರಾರಲ್ಲಿ
ಎಷ್ಟನೇ ಪುಟ?"

ಬಾಗಿಲ ಸಂದಿ ಬೆಳಕಾಯಿತು.
ಅವನ ಬಾಯಿಂದ ಹೊರಟ ಪುಟ್ಟ ಮೋಡವೊಂದು
ಹೊರಗಿನ ಬಿಸಿಗೆ ತಾಗಿ
ಏನೂ ಹೇಳದೆ ಕರಗಿತು.