ಮೂರು ಗಂಟೆಯ ಒಲೆ

ಇಲ್ಲಿ ನನ್ನ ಕೆಲಸ ಕಲ್ಲಿದ್ದಲು ಹಾಕುವುದು.
ಕತೆ ಹೇಳುವುದಕ್ಕೆ ಸಂಬಳವಿಲ್ಲ.
ಹನ್ನೊಂದಕ್ಕೊಂದು ಬಕೆಟ್ಟು, ಒಂದಕ್ಕೆ ಇನ್ನೊಂದು,
ಮೂರಕ್ಕೆ ಮತ್ತೊಂದು.
ಆ ಹೊತ್ತಿಗೆ ಹೊರಗೆ ಮೈನಸ್ ಮೂವತ್ತೆಂಟು,
ಕಿಟಕಿಗಾಜಿನ ಒಳಮೈಗೂ ಹಿಮದ ಗರಿ.
ಹಾಸ್ಟೆಲಿನ ನಲವತ್ತು ಮಕ್ಕಳು
ನಲವತ್ತು ಬಟ್ಟೆಗಂಟುಗಳ ಹಾಗೆ ಮಲಗಿರುತ್ತವೆ.
ಅವರ ಅಪ್ಪ ಅಮ್ಮ ಗೋಬಿಯ ಅಂಚಿನಲ್ಲಿ ಎಲ್ಲೋ
ಕುರಿಗಳ ಉಸಿರು ಕೇಳುತ್ತ
ಉಣ್ಣೆಯ ಗುಡಾರದಲ್ಲಿ.

ಖೊಂಗೊರ್ಜುಲ್ ಮಾತ್ರ ಮಲಗಿರಲಿಲ್ಲ.
ಏಳು ವರ್ಷ. ನಮ್ಮ ಮಾತಿನಲ್ಲಿ ಆ ಹೆಸರೆಂದರೆ
ಬಯಲಿನ ಮುಳ್ಳುಹೂವು.
ಒಲೆಯ ಬಾಯಿಗೆ ಬಂದು ಕೂತಳು, ಬರಿಗಾಲು.
"ಅಜ್ಜೀ, ನನ್ನ ತಲೆಯೊಳಗೆ ಯಾರೋ ಇದ್ದಾರೆ.
ದಡ್ಡಿ ದಡ್ಡಿ ಅಂತಾರೆ.
ಸುಮ್ಮನಿರು ಅಂದರೆ ಇನ್ನೂ ಗಟ್ಟಿಯಾಗಿ ಅಂತಾರೆ."

ಅಲ್ಲ ಕಣೇ, ನೀನು ಜಾಣೆ
ಅಂದುಬಿಡುವುದು ಬಲು ಸುಲಭ.
ನನಗೂ ಅಂದಿದ್ದರು ಚಿಕ್ಕಂದಿನಲ್ಲಿ.
ಒದ್ದೆ ಬೆರಣಿಗೆ ಕಡ್ಡಿ ಗೀರಿದ ಹಾಗೆ
ಹೊಗೆ ಬಂತು, ಅಷ್ಟೆ.

ಕೇಳಿದೆ: "ಗಂಡಸೋ, ಹೆಂಗಸೋ?"
ಬೂದಿಯಲ್ಲಿ ಗೆರೆ ಎಳೆದು ಯೋಚಿಸಿದಳು.
"ಗಂಡಸಿರಬೇಕು. ಕೆಮ್ಮುತ್ತಾನೆ."
"ಕಾಲಿಗೆ ಬೂಟು ಇದೆಯೋ?"
"ಒಂದೇ ಕಾಲಿಗೆ."
"ಈ ಚಳಿಯಲ್ಲಿ? ಪಾಪ" ಅಂದೆ.
ಅವಳ ಮುಖವೂ ಒಂದು ಕ್ಷಣ ಪಾಪ ಅಂದಿತು.

ಆಮೇಲೆ ಬಾಯಿಗೆ ಬಂದದ್ದು ಶುರು ಮಾಡಿದೆ.
ಒಂದೂರಲ್ಲ, ಒಂದು ಬಯಲು. ಅಲ್ಲೊಂದು ಕುದುರೆ ಮರಿ,
ಎಣಿಸಲು ಬಾರದ್ದು. ಮೂರಾದ ಮೇಲೆ ಏಳು ಅನ್ನುವುದು.
ಮಂದೆಯೆಲ್ಲ ನಕ್ಕಿತು, ಒಂಟೆ ಕೂಡ ನಕ್ಕಿತು.
ಅಷ್ಟರಲ್ಲಿ ಬಿರುಗಾಳಿ, ಮೂರು ದಿನದ ಹಿಮ,
ಹುಲ್ಲಿನ ಮೇಲೆ ಕಲ್ಲಿನಂಥ ಮುಚ್ಚಳ.
ಆಗ ಕುರಿಗಳು ಮುಂದೆ ಹೋಗಿ ಹಿಮ ಅಗೆದವು,
ಅವುಗಳ ಹಿಂದೆ ಕುದುರೆ...

"ತಪ್ಪು!"
ಎಷ್ಟು ಜೋರಾಗಿ ಅಂದಳೆಂದರೆ
ಎರಡು ಗಂಟುಗಳು ಹಾಸಿಗೆಯಲ್ಲಿ ಹೊರಳಿದವು.
"ಕುರಿ ಒಡೆಯಲ್ಲ ಅಷ್ಟು ಗಟ್ಟಿ ಹಿಮ.
ಕುದುರೆ ಮೊದಲು ಹೋಗಬೇಕು, ಗೊರಸಲ್ಲಿ ಕೆರೆಯಬೇಕು,
ಅದು ಮೇದು ಬಿಟ್ಟ ಜಾಗಕ್ಕೆ ಕುರಿ.
ಅಷ್ಟೂ ಗೊತ್ತಿಲ್ಲವಾ ನಿಮಗೆ?"

"ಇಲ್ಲ" ಅಂದೆ.
ನಲವತ್ತು ಚಳಿಗಾಲ ಕುರಿ ಕಾಯ್ದವಳು ನಾನು.

ಮುಂದಿನ ಕತೆ ಅವಳದ್ದೇ.
ಮರಿ ಎಣಿಸಲಿಲ್ಲ, ಮೂಸಿತು.
ಹಿಮದ ಕೆಳಗಿನ ಹುಲ್ಲಿಗೂ ವಾಸನೆ ಇರುತ್ತದಂತೆ,
ಅಪ್ಪ ಹೇಳಿದ್ದಂತೆ, ತಾನೂ ಮೂಸಿದ್ದಾಳಂತೆ.
ನಡುವೆ ಆ ಕೆಮ್ಮಿನವನೂ ಬಂದ,
ಮರಿಯ ಬೆನ್ನೇರಿ ಕೂತು, ದಡ್ಡಿ ದಡ್ಡಿ ಎಂದು ಕೂಗಿದ.
ಗಾಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.
ಅವನ ಬರಿಗಾಲು ನೀಲಿಗಟ್ಟಿತ್ತು.
ಮರಿ ಅವನನ್ನು ಕೆಡವಲಿಲ್ಲ.
ನಾನು ಕೆಡವುತ್ತಿದ್ದೆ.

"ಆಮೇಲೆ?"
ಆಮೇಲೆ ಇಲ್ಲ. ನನ್ನ ಮಂಡಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.

ನನ್ನೊಳಗೂ ಒಬ್ಬಳಿದ್ದಾಳೆ, ಅರವತ್ತು ವರ್ಷದಿಂದ,
ನಿನ್ನಿಂದ ಏನಾಗುತ್ತೆ ಎಂದು ಕೇಳುವವಳು.
ಇಷ್ಟು ದಿನ ಅವಳ ಕಾಲು ನೋಡಿದ್ದೇ ಇಲ್ಲ.

ಮರುದಿನ ಪಾಠ ಓದುವಾಗ ಮತ್ತೆ ತಡವರಿಸಿದಳಂತೆ,
ಸೊಂಟಕ್ಕೆ ಪಟ್ಟಿ ಕಟ್ಟಿದ ಸೊನ್ನೆಯಂಥ ಅಕ್ಷರದ ಹತ್ತಿರ.
ಮಕ್ಕಳು ನಕ್ಕರಂತೆ.
ಬೆರಳು ಎತ್ತದೆ ಅಲ್ಲೇ ನಿಂತು, ಉಸಿರು ಎಳೆದು
ಮುಂದಿನ ಸಾಲಿಗೆ ಹೋದಳಂತೆ.
ಜಾಣೆಯಾದಳೋ ಇಲ್ಲವೋ ನನಗೆ ತಿಳಿಯದು.
ಈಗ ಮೂರು ಗಂಟೆಗೆ ನಾಲ್ಕು ಜನ ಬರುತ್ತಾರೆ,
ಒಬ್ಬನ ತಲೆಯೊಳಗೆ ಹಲ್ಲಿಲ್ಲದ ತೋಳವಿದೆ.

ಉಗ್ರಾಣದಲ್ಲಿ ಒಂಟಿ ಬೂಟೊಂದು ಸಿಕ್ಕಿತ್ತು,
ಹಳೆಯದು, ಹಿಮ್ಮಡಿ ಸವೆದದ್ದು.
ಒಲೆಯ ಪಕ್ಕ ಬೆಚ್ಚಗಿಟ್ಟಿದ್ದೇನೆ.
ಯಾರದ್ದಿದು, ಎಂದರು ವಾರ್ಡನ್.
ಬರ್ತಾನೆ, ಅಂದೆ.