ಎರಡು ಅಂಕದ ಪ್ರಶ್ನೆ

ಕಿರುಪರೀಕ್ಷೆಯ ಕಟ್ಟಿನಲ್ಲಿ ಮೂವತ್ತೇಳನೆಯ ಹಾಳೆ.
ಉಳಿದ ಮೂವತ್ತಾರು ಮಂದಿ ಒಂದೇ ಬಾಯಲ್ಲಿ
‘ಮೈಟೊಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ’
ಎಂದು ಬರೆದು ಅಡಿಗೆರೆ ಎಳೆದಿದ್ದಾರೆ.
ನೂರ್‌ಜಬೀನ್ ಬರೆದಿದ್ದಾಳೆ:
‘ಅದು ಒಂದು ಭಟ್ಟಿ. ಆದರೆ ಹೊಗೆ ಬರುವುದಿಲ್ಲ.’

ಕೆಂಪು ಪೆನ್ನು ಅಲ್ಲೇ ನಿಂತಿತು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ನಸುಕಿನ ಮೂರಕ್ಕೇ ಅವಳಮ್ಮ ಖಾತೂನ್‌ಬಿ
ಒಲೆಯ ಬಾಯಿಗೆ ಭತ್ತದ ಹೊಟ್ಟು ತಳ್ಳುತ್ತಾಳೆ.
ಕಾದ ಮರಳಿಗೆ ಬಿದ್ದ, ಉಪ್ಪುಂಡ ಅಕ್ಕಿ
ಒಂದು ಗಳಿಗೆ ಉಸಿರು ಬಿಗಿಹಿಡಿದು
ಚಟ್ಟನೆ ಅರಳಿ,
ನೋಡು ಎನ್ನುವುದರೊಳಗೆ ಜರಡಿಯಲ್ಲಿರುತ್ತದೆ.
ಗೋಡೆ, ಹೆಂಚು, ಹುಬ್ಬು, ಪಕ್ಕದ ಮನೆಯವರು ಒಣಹಾಕಿದ ಬಟ್ಟೆ
ಎಲ್ಲಕ್ಕೂ ಒಂದೇ ಮಸಿ.
ಮಗಳ ನೋಟ್‌ಬುಕ್ಕಿನ ಅಂಚಿಗೂ.

ಹೊಗೆಯಿಲ್ಲದ ಭಟ್ಟಿ:
ಇದು ಉತ್ತರವೋ, ಅವಳ ಆಸೆಯೋ?

ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ
ಹುರುಳಿಕಾಳಿನಂಥ ಚಿತ್ರ ಬರೆದು ನಾನು ಹೇಳುತ್ತ ಬಂದದ್ದೂ ಇದನ್ನೇ.
ಉರಿ ಇದೆ, ಜ್ವಾಲೆ ಇಲ್ಲ.
ಒಂದು ಹಿಡಿ ಮಂಡಕ್ಕಿಯನ್ನು ಒಲೆಗೆ ಎಸೆದರೆ
ಭಗ್ ಎಂದು ಒಂದೇ ಏಟಿಗೆ ಮುಗಿಯುತ್ತದೆ.
ಬಾಯಿಗೆ ಹಾಕಿಕೊಂಡರೆ ಅದೇ ಮಂಡಕ್ಕಿ
ಮೆಟ್ಟಿಲಿಳಿಯುವ ಅಜ್ಜಿಯ ಹಾಗೆ
ನಿಂತು, ನಿಂತು,
ಪ್ರತಿ ಮೆಟ್ಟಿಲಿಗೂ ಸೆರಗಿನ ಗಂಟಿನಿಂದ ಏನೋ ಒಂದಿಷ್ಟು ಬಿಚ್ಚಿ ಕೊಟ್ಟು.
ಕಟ್ಟಕಡೆಗೆ ಭದ್ರಾ ನಾಲೆಯ ತೂಬು:
ಒಂದು ಬದಿಗೆ ತಳ್ಳಿ ಒಟ್ಟಿದ ಕಣಗಳಿಗೆ
ವಾಪಸು ಬರಲು ಒಂದೇ ಕಿಂಡಿ,
ಕಿಂಡಿಯಲ್ಲೊಂದು ಗಾಲಿ,
ಗಾಲಿ ತಿರುಗಿದಷ್ಟೂ ಚಿಲ್ಲರೆ.

ಹೌದು, ಎಟಿಪಿ ಎಂದರೆ ಚಿಲ್ಲರೆ.
ಕೂಡಿಡಲು ಬರುವುದಿಲ್ಲ.
ಮೈಯೆಲ್ಲ ಸೋಸಿದರೂ ಈ ಕ್ಷಣಕ್ಕೆ ಸಿಗುವುದು
ಸಂಜೆ ಮಿರ್ಚಿಯ ಜೊತೆ ಕಟ್ಟಿಕೊಡುವ ಪೊಟ್ಟಣದ ತೂಕ.
ಅದನ್ನೇ ಗಳಿಸಿ, ಕಳೆದು, ಮತ್ತೆ ಗಳಿಸಿ
ದಿನ ಮುಗಿಯುವಾಗ
ನಮ್ಮ ಮೈತೂಕದಷ್ಟು ವಹಿವಾಟು ಆಗಿಹೋಗಿರುತ್ತದೆ.
ಈ ಲೆಕ್ಕವನ್ನು ದಿನಗೂಲಿಯ ಮನೆಯ ಹುಡುಗಿಗೆ
ನಾನು ಬಿಡಿಸಿ ಹೇಳಬೇಕಿಲ್ಲ.

ಆದರೆ ನೂರ್‌ಜಬೀನ್, ಒಂದು ಮಾತು ತಪ್ಪಿದೆ.
ಹೊಗೆ ಬರುತ್ತದೆ.
ಮೊನ್ನೆ ಪ್ರಯೋಗಾಲಯದಲ್ಲಿ
ಸೂಕ್ಷ್ಮದರ್ಶಕದ ಗಾಜಿಗೆ ‘ಹಾ’ ಎಂದು ಊದಿ
ದುಪಟ್ಟಾದ ತುದಿಯಿಂದ ಒರೆಸಿದೆಯಲ್ಲ,
ಆ ಮಂಜೇ ನಿನ್ನ ಭಟ್ಟಿಯ ಹೊಗೆ.
ಸುಣ್ಣದ ತಿಳಿನೀರಿಗೆ ಊದಿದ್ದರೆ
ಅದು ಹಾಲಾಗಿ ಸಾಕ್ಷಿ ಹೇಳುತ್ತಿತ್ತು.
ನಮ್ಮ ಈ ಹೊಗೆಗೆ ಕಾದು ನಿಂತವರೂ ಇದ್ದಾರೆ:
ನಾಲೆಯಂಚಿನ ಗದ್ದೆಗಳಲ್ಲಿ ಹಸಿರು ಭತ್ತ.
ಬಿಸಿಲು ಸೇರಿಸಿ ಅದನ್ನು ಮತ್ತೆ ಕಾಳು ಕಟ್ಟುತ್ತದೆ.
ನಿನ್ನಮ್ಮನ ಮರಳಲ್ಲಿ ಅರಳಿದ್ದು
ಹೋದ ಬೆಳೆಯ ಬಿಸಿಲು,
ಯಾರೋ ಬಿಟ್ಟ ಉಸಿರು.

ಫೀಸು ಕಟ್ಟಲು ಬಂದಾಗ ಖಾತೂನ್‌ಬಿ ಅಂದಿದ್ದಳು:
‘ಸರ್, ಇವ್ಳು ಭಟ್ಟಿ ಮುಖ ನೋಡಬಾರ್ದು.’
ಬೂದಿ ಸುಟ್ಟ ಬೆರಳುಗಳಿಂದ ನೋಟು ಎಣಿಸುತ್ತ ಅಂದಿದ್ದಳು.
ನಾನು ತಲೆಯಾಡಿಸಿದ್ದೆ.
ಪಾಠದ ಪ್ರಕಾರ ಈ ಹುರುಳಿಕಾಳಿನ ಭಟ್ಟಿಗಳು
ಅಪ್ಪನಿಂದ ಬರುವುದಿಲ್ಲ, ಅಮ್ಮನಿಂದಷ್ಟೇ.
ಅವಳಿಗೆ ಅವಳಮ್ಮನಿಂದ, ಆಕೆಗೆ ಆಕೆಯಮ್ಮನಿಂದ,
ಎಂದೂ ಆರದೆ, ಕೆಂಡ ಕೈಯಿಂದ ಕೈಗೆ.
ಬೇಡ ಬೇಡವೆನ್ನುವ ಮೊದಲೇ
ಕೊಟ್ಟಾಗಿತ್ತು, ಆ ತಾಯಿ.

ಇದನ್ನೆಲ್ಲ ಹಾಳೆಯ ಅಂಚಿನಲ್ಲಿ ಬರೆಯಲು ಜಾಗವಿರಲಿಲ್ಲ.
ಒಂದೂವರೆ ಹಾಕಿದೆ.
ಹೊಡೆದು, ಎರಡು ಮಾಡಿದೆ.
‘ಹೊಗೆಯ ಬಗ್ಗೆ ನಾಳೆ ಬಂದು ಕೇಳು’ ಎಂದು ಬರೆದೆ.
ಗಂಟೆ ಹನ್ನೊಂದೂವರೆ. ಹಸಿವು.
ಮೇಜಿನ ಮೇಲೆ ಸಂಜೆ ಉಳಿದ ಪೊಟ್ಟಣ.
ಒಂದು ಹಿಡಿ ಬಾಯಿಗೆ ಹಾಕಿಕೊಂಡೆ,
ಹಲ್ಲಿಗೆ ಮರಳು ಸಿಕ್ಕಿತು.