ಎಜೆ

ಕರಾಸೂ ಸಂತೆಯಲ್ಲಿ ನನ್ನದೊಂದು ತಗಡಿನ ಅಂಗಡಿ.
ಗುಂಡಿ, ಜಿಪ್ಪು, ದಾರ, ಲಾಡಿ.
ಇಪ್ಪತ್ತೊಂದು ವರ್ಷದಿಂದ ಅಲ್ಲೇ ಕೂತು
ಯಾರು ಯಾರನ್ನು ಏನಂತ ಕರೆಯುತ್ತಾರೆಂದು ಕೇಳಿದ್ದೇನೆ.
ನನ್ನ ಓದು ಅಷ್ಟೇ.

ಎದುರಿನ ಉಜ್ಬೆಕ್ ರೊಟ್ಟಿಯವನು
ಹಮಾಲಿಯನ್ನು 'ಅಕ' ಅನ್ನುತ್ತಾನೆ, ಅಣ್ಣಾ ಅಂತ.
ಹಮಾಲಿಗೆ ಅವನೂ 'ಅಕ'.
ತಮ್ಮ ಯಾರೆಂದು ತೀರ್ಮಾನವಾಗದೆಯೇ
ವ್ಯಾಪಾರ ನಡೆದಿದೆ.
ಕಜಕ್ ಲಾರಿಯವನಿಗೆ 'ಅತ' ಅಂದರೆ ತಾತ, ನಮಗೆ ಅಪ್ಪ.
'ಅತ, ಕೂತುಕೊಳ್ಳಿ' ಅಂದ ಒಮ್ಮೆ ನನ್ನ ಅಪ್ಪನಿಗೆ.
ಇನ್ನೊಬ್ಬ ಮಗ ಸಿಕ್ಕನೆಂದು ಅಪ್ಪ ಹಿಗ್ಗಿದ;
ಅವನು ಪಾಪ, ಗಡ್ಡದ ನರೆ ಎಣಿಸಿದ್ದ.
ಮದ್ದಿನಂಗಡಿಯ ತಾತಾರ್ ರಝಿಲ್ಯಾಳನ್ನು
'ಅಪ' ಅನ್ನಬೇಕಂತೆ. ಅವರಲ್ಲಿ ಅದು ಅಕ್ಕ,
ನಮ್ಮಲ್ಲಿ ಹೆತ್ತವಳು.
ನನಗಿಂತ ಆರು ವರ್ಷಕ್ಕೆ ಕಿರಿಯಳನ್ನು
ಅವ್ವಾ ಎಂದು ಕರೆದು ಕೆಮ್ಮಿನ ಔಷಧಿ ತರುತ್ತೇನೆ.

ತಮ್ಮ ಕುಬಾನಿಚ್ ಇಸ್ತಾಂಬುಲ್‌ಗೆ ಹೊಲಿಗೆ ಕೆಲಸಕ್ಕೆ ಹೋದ.
ಮೊದಲ ದಿನ ಮೇಸ್ತ್ರಿ ಕೂಗಿದ:
'ಕಾರ್ದೆಶ್, ಆ ಥಾನು ಎತ್ತು!'
ಇವನ ಕಿವಿಗೆ ಬಿದ್ದದ್ದು 'ಕರಿಂದಶ್'. ತಂಗಿ!
ಯಾವ ಹುಡುಗಿಯನ್ನು ಕರೆದನೆಂದು ಹಿಂದೆ ತಿರುಗಿ ನೋಡಿದನಂತೆ.
ಒಂದೇ ಬಸಿರು ಹಂಚಿಕೊಂಡವರು,
ಮಾತಿನ ಹೊಟ್ಟೆಯೊಳಗಿರುವುದು ಅಷ್ಟೇ.
ಪಾಲು ಹಾಕುವಾಗ ಮಾತ್ರ ತಕರಾರು.

ಅಲ್ಲಿಂದಲೇ ಅವಳನ್ನು ಕರೆತಂದ.
ತೆಜೆನ್ ಊರಿನ ತುರ್ಕ್‌ಮೆನ್ ಹುಡುಗಿ, ಒಗುಲ್‌ಗೆರೆಕ್.
ಹೆಸರು ಕೇಳಿ ಅಪ ನನ್ನ ಮುಖ ನೋಡಿದಳು.
ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ:
ಗಂಡು ಬೇಕು.
ನಾಲ್ಕನೆಯದೂ ಹೆಣ್ಣಾದಾಗ ಅವಳಪ್ಪ
ತನ್ನ ಕೊರತೆಯನ್ನು ಮಗುವಿಗೆ ಹೆಸರಾಗಿ ಇಟ್ಟಿದ್ದ.

ನನ್ನನ್ನು ಮೊದಲು 'ಆಬ್ಲಾ' ಅಂದಳು, ಇಸ್ತಾಂಬುಲ್‌ನ ಅಕ್ಕ.
ಇಲ್ಲಿ 'ಎಜೆ' ಅನ್ನಬೇಕಮ್ಮ, ಅಂದೆ.
ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟಳು.
'ನಮ್ಮಲ್ಲಿ ಎಜೆ ಅಂದರೆ ಅಮ್ಮ.'

ಆಮೇಲೆ ಏಳು ತಿಂಗಳು ನನ್ನನ್ನು ಏನೂ ಅನ್ನಲಿಲ್ಲ.
'ಇಲ್ಲಿ ನೋಡಿ', 'ಉಪ್ಪು ಬೇಕಿತ್ತು',
'ಹಾಲು ಉಕ್ಕುತ್ತಿದೆ'.
ಕರೆಯುವ ಜಾಗ ಬಂದಾಗ ಒಂದು ಸಣ್ಣ ಹಳ್ಳ,
ಸೀರಗೆ ಎತ್ತಿ ದಾಟುವವಳ ಹಾಗೆ ದಾಟುತ್ತಿದ್ದಳು.
ನಾನೂ ಒತ್ತಾಯಿಸಲಿಲ್ಲ.
ಅವಳ ತಾಯಿಗೆ ಬರಲು ಕಾಗದ ಸಿಕ್ಕಿರಲಿಲ್ಲ.

ಫೆಬ್ರವರಿ. ಹೆರಿಗೆ ಮನೆಯ ಹೊರಗೆ ಬೆಂಚು,
ಬೆಂಚಿನ ಮೇಲೆ ನಾನು, ನನ್ನ ಒದ್ದೆ ಬೂಟು.
ರಾತ್ರಿ ಮೂರಕ್ಕೆ ಒಳಗಿಂದ ಕೂಗು:
ಎಜೆ! ಎಜೇ!
ಗೋಡೆ ಬಿರಿಯುವ ಹಾಗೆ.
ನರ್ಸು ಬಾಗಿಲು ತೆರೆದು ಕೇಳಿದಳು,
'ಇಲ್ಲಿ ಎಜೆ ಯಾರು?'

ಯಾರನ್ನು ಕರೆಯುತ್ತಿದ್ದಾಳೆಂದು ಗೊತ್ತಿತ್ತು ನನಗೆ.
ನಾನೇ, ಅಂದೆ.
ಸುಳ್ಳಲ್ಲ.

ಬೆಳಗಿನವರೆಗೂ ನನ್ನ ಕೈ ಹಿಂಡಿದಳು.
ಈಗಲೂ ಸೂಜಿಗೆ ದಾರ ಪೋಣಿಸುವಾಗ
ಕಿರುಬೆರಳು ಮಾತು ಕೇಳುವುದಿಲ್ಲ.
ಹುಟ್ಟಿದ್ದು ಹೆಣ್ಣು.
ಅವಳು ಗೋಡೆಯ ಕಡೆ ಹೊರಳಿದಳು.
ಮಗುವಿನ ಕಿವಿಯ ಹತ್ತಿರ ಬಾಗಿ, ಅವಳಿಗೂ ಕೇಳುವಷ್ಟು ಜೋರಾಗಿ,
'ಕೆರೆಕ್' ಅಂದೆ.
ಬೇಕು.

ನಲವತ್ತನೆಯ ದಿನ ನಲವತ್ತು ಚಮಚ ನೀರೆರೆದು
ನೆರೆಯವರು ಕೊಟ್ಟ ಚೂರು ಬಟ್ಟೆಯ ಅಂಗಿ ತೊಡಿಸಿದೆವು.
ರೊಟ್ಟಿಯವನ ಚೀಲದ್ದೊಂದು ತುಂಡು,
ರಝಿಲ್ಯಾಳ ಬಿಳಿ ಕೋಟಿನದೊಂದು.
ಗುಂಡಿ ಬೇಡವೆಂದಳು ಅಪ. ನನಗೆ ಸ್ವಲ್ಪ ಬೇಜಾರು.

ಸಂಜೆ ತೆಜೆನ್‌ಗೆ ಫೋನು ಸಿಕ್ಕಿತು.
ಬರೀ ಗೊರಗೊರ, ಆಚೆ ಯಾರದೋ ಉಸಿರು.
ಮಗುವನ್ನು ಹೆಗಲಿಗೆ ಹಾಕಿಕೊಂಡು
ಅವಳು ಕರೆದಳು: 'ಎಜೆ?'

ಅಲ್ಲಿಂದ ಒಬ್ಬಳು,
ಒಲೆಯ ಮುಂದಿನಿಂದ ನಾನು,
ಇಬ್ಬರೂ ಒಟ್ಟಿಗೇ ಓಗೊಟ್ಟೆವು.